ಕಿವಿಗೆ ಬೀಳದ ಮಂತ್ರ

ದೇವದುರ್ಗದ ಕಿರಾಣಿ ವ್ಯಾಪಾರಿ ಕೊಟ್ರೇಶನ ಮನೆಯಲ್ಲಿ ಅಂದು ಮಗಳು ಸ್ವಪ್ನಾಳಿಗೆ ಲಿಂಗದೀಕ್ಷೆ. ದೀಕ್ಷೆ ಕೊಡಲು ಬಂದವರು ಮಾನ್ವಿಯ ಈರಯ್ಯನವರು. ಅವರ ಅಜ್ಜನ ಕಾಲದಿಂದಲೂ ಆ ಮನೆತನಕ್ಕೆ ಅವರದೇ ಗುರುಮನೆ. ಎಂಟು ವರ್ಷದ ಹುಡುಗಿ ಸ್ನಾನ ಮಾಡಿ, ಹಣೆತುಂಬ ವಿಭೂತಿ ಹಚ್ಚಿಕೊಂಡು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಿದ್ದಳು. ಇನ್ನು ಉಳಿದದ್ದು ಕಿವಿಯಲ್ಲಿ ಮಂತ್ರ ಹೇಳುವುದೊಂದೇ, ಆದರೆ ಎಲ್ಲಕ್ಕಿಂತ ದೊಡ್ಡದೂ ಅದೇ. ಇಬ್ಬರ ತಲೆಯ ಮೇಲೂ ಬಿಳಿ ಶಲ್ಯ ಎಳೆದರು. ಈರಯ್ಯನವರು ಬಾಗಿ "ಓಂ" ಅಂದರು.

ಹುಡುಗಿ ಮುಖ ಹೊರಳಿಸಿ ಮೂಗು ಮುಚ್ಚಿಕೊಂಡಳು.

ಬೇಕೆಂದು ಮಾಡಿದ್ದಲ್ಲ, ಪಾಪ. ಕೈ ತಾನಾಗಿಯೇ ಮೂಗಿಗೆ ಹೋಗಿತ್ತು. ಶಲ್ಯದೊಳಗೆ ನಡೆದದ್ದು ಹೊರಗೆ ಕೂತವರಿಗೆ ಕಾಣಲಿಲ್ಲ, ಈರಯ್ಯನವರಿಗೆ ಮಾತ್ರ ಕಂಡಿತು. ಅವರು ಹಿಂದೆ ಸರಿದು, ಬರೀ ತುಟಿ ಅಲ್ಲಾಡಿಸಿ, ಶಲ್ಯ ಸರಿಸಿಬಿಟ್ಟರು. "ಆತು" ಅಂದರು. ಎಲ್ಲರೂ ಹೂವು ಹಾಕಿ ಕಾಲಿಗೆ ಬಿದ್ದರು. ಹೋಳಿಗೆ ಊಟವೂ ಆಯಿತು. ಮಂತ್ರ ಮಾತ್ರ ಆ ಮಗುವಿನ ಕಿವಿಗೆ ಬಿದ್ದಿರಲಿಲ್ಲ, ಮತ್ತು ಅದು ಈ ಲೋಕದಲ್ಲಿ ಇಬ್ಬರಿಗಷ್ಟೇ ಗೊತ್ತಿತ್ತು.

ಮಾನ್ವಿಯ ಬಸ್ಸಿನಲ್ಲಿ ಅವರು ಶಲ್ಯದ ತುದಿಯಿಂದ ಬಾಯಿ ಮುಚ್ಚಿಕೊಂಡೇ ಕೂತರು. ಮನೆಗೆ ಬಂದವರೇ ನೆಟ್ಟಗೆ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಸೊಸೆ ವಿಜಯಶ್ರೀ ಸಜ್ಜೆರೊಟ್ಟಿ ಬಡಿಯುತ್ತಿದ್ದಳು.

"ಖರೇ ಹೇಳವ್ವ. ನನ್ನ ಬಾಯಿ ನಾರ್ತದೇನು?"

ಅವಳ ಕೈ ನಿಂತಿತು. "ಹೂಂ ಮಾವಾರ. ಎರಡು ವರ್ಷಾತು."

"ಮತ್ತ ಯಾರೂ ಯಾಕ ಹೇಳಲಿಲ್ಲ?"

"ಅಯ್ಯನೋರಿಗೆ ಯಾರು ಹೇಳ್ತಾರ್ರಿ? ನೀವು ದಿನಾ ಲವಂಗ ಬಾಯಾಗ ಹಾಕ್ಕೊಳ್ಳೋದು ನೋಡಿ, ನಿಮಗೂ ಗೊತ್ತದ ಅನ್ಕೊಂಡಿದ್ದೆ."

ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದಕ್ಕೆ ಲವಂಗ ಚೆನ್ನಾಗಿ ಒದಗಿಬಂದಿತ್ತು. ಅಲ್ಲೇ ಗೋಡೆಗೊರಗಿ ಕೂತು, ಅವರು ಯಾರಿಗೂ ಹೇಳದಿದ್ದ ಸಂಗತಿಯನ್ನು ಸೊಸೆಗೆ ಹೇಳಿದರು. ಎರಡು ವರ್ಷದ ಹಿಂದೆ ಒಂದು ಮುಂಜಾನೆ ಹಲ್ಲುಜ್ಜಿ ಉಗುಳಿದಾಗ ರಕ್ತ ಬಂದಿತ್ತು. ಸ್ನಾನ ಮಾಡಿ ಪೂಜೆಗೆ ಕೂತರೆ, ಅಂಗೈಯಲ್ಲಿ ಲಿಂಗ, ನಾಲಿಗೆಯ ಮೇಲೆ ರಕ್ತದ ಉಪ್ಪು. ಆ ಬಾಯಿಂದ ಶಿವನ ಹೆಸರು ಹೇಳಲು ಮನಸ್ಸು ಒಪ್ಪಲಿಲ್ಲ. ಮರುದಿನದಿಂದ ಬ್ರಷ್ಷೂ ಬಂದ್, ಬೇವಿನ ಕಡ್ಡಿಯೂ ಬಂದ್. ಬರೀ ನೀರು ಮುಕ್ಕಳಿಸಿ ಪೂಜೆಗೆ ಕೂರುವುದು. ಉಗುಳಿನಲ್ಲಿ ರಕ್ತ ಕಾಣಲಿಲ್ಲ; ಬಾಯಿ ಶುದ್ಧವಾಯಿತೆಂದು ನಂಬಿದರು. ನಂಬಿಕೆಗೇನು, ಕನ್ನಡಿ ನೋಡುವ ತಾಪತ್ರಯವಿಲ್ಲ.

ವಿಜಯಶ್ರೀ ಒಲೆ ಆರಿಸಿದಳು.

"ಮಾವಾರ, ನಾ ಈ ಮನಿಗೆ ಬಂದ ಹೊಸದಾಗ, ತಿಂಗಳಿನ ದಿನದಾಗ ಲಿಂಗ ತೆಗೆದಿಟ್ಟು ಮೂಲ್ಯಾಗ ಕುಂತಿದ್ದೆ. ಆವಾಗ ನೀವ ಬಂದು ಏನಂದ್ರಿ? ಲಿಂಗ ಕಟ್ಟಿಕೊಂಡವರಿಗೆ ಸೂತಕ ಇಲ್ಲ, ಎದ್ದು ಪೂಜಿ ಮಾಡು ಅಂದ್ರಿ. ಊರೂರಿಗೆ ಹೋಗಿ ಹೆಣ್ಮಕ್ಕಳಿಗೆ ಅದನ್ನ ಹೇಳ್ತೀರಿ. ನಮ್ಮ ರಕ್ತಕ್ಕ ಇಲ್ಲದ ಸೂತಕ ನಿಮ್ಮ ವಸಡಿನ ರಕ್ತಕ್ಕ ಎಲ್ಲಿಂದ ಬಂತ್ರಿ?"

ಅರವತ್ತೊಂದು ವರ್ಷದಲ್ಲಿ ಈರಯ್ಯನವರನ್ನು ಯಾರೂ ಹಾಗೆ ನಿಲ್ಲಿಸಿ ಕೇಳಿರಲಿಲ್ಲ. ನಾಚಿಕೆಯಾಯಿತು, ಸಿಟ್ಟೂ ಬಂತು, ಆ ಸಿಟ್ಟಿಗೆ ಹೋಗಲು ದಾರಿ ಸಿಗಲಿಲ್ಲ. ಅವಳು ಹೇಳಿದ್ದರಲ್ಲಿ ತೆಗೆದುಹಾಕುವಂಥದ್ದು ಏನೂ ಇರಲಿಲ್ಲ.

ಮರುದಿನ ಅವಳೇ ರಾಯಚೂರಿಗೆ ಕರೆದುಕೊಂಡು ಹೋದಳು. ಹಲ್ಲಿನ ಡಾಕ್ಟರ್ ಜಾಹೆದಾ, ಮಗಳ ವಯಸ್ಸಿನವರು, ಬಾಯಿಗೆ ಲೈಟು ಬಿಟ್ಟು ಬಹಳ ಹೊತ್ತು ನೋಡಿದರು.

"ಯಜಮಾನ್ರ, ಹಲ್ಲು ವಸಡು ಕೂಡೋ ಅಂಚಿನಾಗ ಕೊಳಿ ಕುಂತದ. ಅದಕ್ಕ ವಸಡು ಬಾತು ರಕ್ತ ಬಂದಿತ್ತು. ನೀವು ತಿಕ್ಕೋದು ಬಿಟ್ಟ್ರಿ, ಅದು ಇನ್ನಷ್ಟು ಕುಂತಿತು. ಕಾಣಲಿಲ್ಲ ಅಂದ್ರ ವಾಸಿ ಆತು ಅಂತಲ್ರಿ."

ಕಲ್ಲಿನ ಹಾಗೆ ಗಟ್ಟಿಯಾಗಿದ್ದ ಹಲ್ಲಿನ ಪಾಚಿಯನ್ನು ಎರಡು ಸಲ ಕರೆಸಿ ತೆಗೆದರು. ಮೊದಲ ದಿನವೇ ಮೆತ್ತನೆಯ ಬ್ರಷ್ ಕೊಟ್ಟು, ಓರೆ ಹಿಡಿದು ವಸಡಿನ ಅಂಚಿನಲ್ಲಿ ಹಗುರಾಗಿ ಸುತ್ತಿಸುವುದನ್ನು ಅವರ ಕೈ ಹಿಡಿದೇ ತೋರಿಸಿದರು. ಮುಂಜಾನೆ ಒಂದು ಸಲ, ಮಲಗುವ ಮುಂಚೆ ತಪ್ಪದೆ ಒಂದು ಸಲ, ಎರಡೆರಡು ನಿಮಿಷ. ಹಲ್ಲಿನ ಸಂದಿಯ ಕೊಳೆ ತೆಗೆಯಲು ದಾರ. ನಾಲಿಗೆಯನ್ನೂ ಮರೆಯಬಾರದು. "ಮೊದಲ ಒಂದೆರಡು ವಾರ ರಕ್ತ ಬಂದೀತು. ಅಂಜಿ ಬಿಟ್ಟೀರಿ ಮತ್ತ! ಅಷ್ಟಾದ ಮ್ಯಾಲೂ ನಿಲ್ಲಲಿಲ್ಲಂದ್ರ ನನ್ನ ಹತ್ರ ಬರ್ರಿ," ಅಂದರು.

ಮರುದಿನ ಮುಂಜಾನೆ ಹಲ್ಲುಜ್ಜಿದಾಗ ರಕ್ತ ಬಂತು. ಈರಯ್ಯನವರು ಬಾಯಿ ತೊಳೆದು, ಸ್ನಾನ ಮಾಡಿ, ಪೂಜೆಗೆ ಕೂತರು. ನಾಲಿಗೆಯ ಮೇಲೆ ಅದೇ ಉಪ್ಪು. ಅಂಜಿ, ಲಿಂಗ ಕೆಳಗಿಡಲು ಹೋದವರು ತಡೆದು ಕೂತರು. ಊರಿನ ಎಷ್ಟು ಹೆಣ್ಣುಮಕ್ಕಳು ಸೂತಕ ಇಲ್ಲವೆಂಬ ತನ್ನ ಒಂದು ಮಾತಿನ ಮೇಲೆ ಭಾರ ಹಾಕಿ ಹೀಗೆ ಅಂಜುತ್ತಲೇ ಕೂತಿದ್ದರೋ ಎಂದು ಅವರಿಗೆ ಮೊದಲ ಸಲ ಅನ್ನಿಸಿತು. ಹೇಳುವವನಿಗೆ ಅದು ಎಷ್ಟು ಸಲೀಸಾಗಿತ್ತು! ಅವರು ಕಣ್ಣು ಮುಚ್ಚಿ ಮಂತ್ರ ಹೇಳಿದರು. ಹತ್ತನೆಯ ದಿನಕ್ಕೆ ರಕ್ತ ಕಮ್ಮಿಯಾಯಿತು, ಹದಿನೈದಕ್ಕೆ ನಿಂತಿತು. ಇಪ್ಪತ್ತನೆಯ ದಿನ ಸೊಸೆಯನ್ನು ಕರೆದು, ಚಿಕ್ಕ ಹುಡುಗನ ಹಾಗೆ ಅವಳ ಮುಂದೆ ಬಾಯಿಬಿಟ್ಟು ಉಸಿರು ಬಿಟ್ಟರು.

"ಈಗ ಹೋಗಿಬರ್ರಿ ದೇವದುರ್ಗಕ್ಕ," ಅಂದಳು ವಿಜಯಶ್ರೀ.

ಕೊಟ್ರೇಶ ಅಂಗಡಿ ಬಿಟ್ಟು ಓಡಿಬಂದು ಕಾಲಿಗೆ ಬಿದ್ದ. ಈರಯ್ಯನವರು ಕೂರಲಿಲ್ಲ. "ಕೊಟ್ರೇಶಾ, ಅವತ್ತು ನಾ ಕೂಸಿಗೆ ಮಂತ್ರ ಪೂರಾ ಹೇಳಲಿಲ್ಲಪ್ಪ. ತಪ್ಪು ನಂದು. ಆಕೀನ್ನ ಕರಿ," ಅಂದರು. ಅವನು ಗಾಬರಿಯಿಂದ ಒಳಗೆ ಮುಖ ಮಾಡಿ ಮಗಳನ್ನು ಕರೆದ.

ಸ್ವಪ್ನಾ ಬಂದು ಎದುರಿಗೆ ಕೂತಳು. ಈರಯ್ಯನವರು ಮೆಲ್ಲಗೆ ಕೇಳಿದರು. "ಇಷ್ಟು ದಿನ ಪೂಜಿಯಾಗ ಏನಂತಿದ್ದೆವ್ವಾ?"

"ಏನೂ ಅಂತಿದ್ದಿಲ್ಲರಿ. ಸುಮ್ನ ಕೂಡ್ತಿದ್ದೆ."

"ಓಂ ನಮಃ ಶಿವಾಯ ಅಂತ ಗುಡಿಯಾಗ ಎಲ್ಲಾರೂ ಅಂತಾರಲ್ಲ, ನಿನಗೂ ಗೊತ್ತಿತ್ತಲ್ಲ?"

"ಗೊತ್ತಿತ್ರಿ. ಆದ್ರ ನೀವು ನನಗ ಕೊಟ್ಟಿದ್ದಿಲ್ಲಲ್ಲ." ಹುಡುಗಿ ತಲೆ ತಗ್ಗಿಸಿದಳು. "ನಾ ಮೂಗು ಮುಚ್ಕೊಂಡೆ ಅಂತ ಸಿಟ್ಟಾಗಿ ಕೊಡಲಿಲ್ಲ ಅನ್ಕೊಂಡಿದ್ದೆ. ಅಪ್ಪಗ ಹೇಳಿದ್ರ ಬೈತಾನಂತ ಹೇಳಲಿಲ್ಲ."

ಈರಯ್ಯನವರ ತಪ್ಪನ್ನು ಈ ಕೂಸು ಮೂರು ವಾರ ತನ್ನದೆಂದು ಹೊತ್ತು ಕೂತಿತ್ತು. ಅವರು ಕಣ್ಣೊರೆಸಿಕೊಂಡು, ಶಲ್ಯವನ್ನು ಇಬ್ಬರ ತಲೆಯ ಮೇಲೂ ಎಳೆದುಕೊಂಡರು. ಬಾಗುವ ಮುಂಚೆ ಒಂದು ಕ್ಷಣ ಅಂಜಿಕೆಯಾಯಿತು. ಅಷ್ಟರಲ್ಲಿ ಹುಡುಗಿಯೇ ಸರಿದು, ಕಿವಿಯನ್ನು ಅವರ ಬಾಯಿಯ ಹತ್ತಿರ ತಂದಳು.