ಯ. ಮ. ಅಂಗಿ

"ಮಾತು ಆಡಿದ್ರೆ ಓಯ್ತು, ಅಂಗಿ ತೊಟ್ರೆ ಓದ," ಎಂದು ಅಂಕಯ್ಯ ಹೆಣದ ಬಲಗೈಯನ್ನು ಬಿಟ್ಟು ಹಿಂದಕ್ಕೆ ಸರಿದ.

ಅಂಗಿಯ ತೋಳಿನೊಳಕ್ಕೆ ಅರ್ಧ ಹೋಗಿದ್ದ ಕೈ ಅಲ್ಲೇ ನಿಂತಿತು, ಯಾರನ್ನೋ ತಡೆಯುವ ಹಾಗೆ. ಅಂಗಿಯ ಕಾಲರು ಮಗುಚಿಕೊಂಡು, ಬೆನ್ನಿನ ಕಡೆ ಹೊಲಿದಿದ್ದ ಬಿಳಿಯ ಲೇಬಲ್ಲು ಎಲ್ಲರಿಗೂ ಕಾಣುತ್ತಿತ್ತು. ಕೆಂಪು ದಾರದಲ್ಲಿ ಎರಡೇ ಅಕ್ಷರ: ಯಮ.

ಮುತ್ತು ಒಡೆದರೆ ಹೋಯಿತು ಅನ್ನುವುದು ಸರಿಯಾದ ಗಾದೆ. ಆದರೆ ಮದ್ದೂರಿನಿಂದ ಮಳವಳ್ಳಿಯವರೆಗೆ ಮುತ್ತು ಒಡೆದುಕೊಂಡವರು ಯಾರೂ ಇರಲಿಲ್ಲ, ಅಂಗಿ ತೊಟ್ಟು ಹೋದವರು ಇದ್ದರು. ಹಾಗಾಗಿ ಜನ ಗಾದೆಯನ್ನು ಕತ್ತರಿಸಿ ತಮ್ಮ ಮೈಗೆ ಹೊಲಿದುಕೊಂಡಿದ್ದರು. ಇದು ನಡೆದ ಕತೆ. ಕಟ್ಟಿದ ಕತೆಯಾಗಿದ್ದರೆ ಇನ್ನೂ ಒಳ್ಳೆಯ ಅಳತೆಗೆ ಕೂರುತ್ತಿತ್ತು.

ನಲವತ್ತೇಳನೆಯ ಇಸವಿಯ ಬೇಸಿಗೆ. ಯಲಿಯೂರಿನ ತನ್ನ ಮನೆಯ ಜಗಲಿಯ ಮೇಲೆ ಟೈಲರ್ ಮರಿಸಿದ್ದಯ್ಯ ಸತ್ತು ಮಲಗಿದ್ದ. ಹೊಲದಲ್ಲಿ ಗುಂಡಿ ತೋಡಿ ಆಗಿತ್ತು. ಚಟ್ಟ ಕಟ್ಟಿ ಆಗಿತ್ತು. ಬಿಸಿಲು ಏರುತ್ತ ಹೋದಂತೆ ಊದುಬತ್ತಿಯ ವಾಸನೆಯ ಕೆಳಗೆ ಇನ್ನೊಂದು ವಾಸನೆ ಏಳಲು ಶುರುವಾಗಿತ್ತು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಲೇಬೇಕು. ಹೊರುವವರು ಮಾತ್ರ ಹುಣಸೆಮರದ ಕೆಳಗೆ ಹೋಗಿ ನಿಂತುಬಿಟ್ಟಿದ್ದರು.

"ಎಣಕ್ಕೆ ಒಲ್ದ ಬಟ್ಟೆ ಯಾಕಮ್ಮ? ಪಂಚೆ ಒದ್ಸಿದ್ರೆ ಆಯ್ತು," ಎಂದ ಕರಿಸಿದ್ದಯ್ಯ. ಸತ್ತವನ ದಾಯಾದಿ, ವಯಸ್ಸಿನಲ್ಲಿ ಹಿರಿಯ, ಅಂದಿನ ಕಾರ್ಯಕ್ಕೆಲ್ಲ ಯಜಮಾನ.

"ಜೀವ್ಮಾನೆಲ್ಲ ಊರ್ಗೆ ಒಲ್ದೋನ್ಗೆ ಒಂದ್ ಅಂಗಿ ಬ್ಯಾಡ್ವಾ ಬಾವ?" ಎಂದಳು ಹೆಂಡತಿ ಚಿಕ್ಕಮಾದಮ್ಮ.

ಯಲಿಯೂರಿನ ನಾಲಿಗೆಯಲ್ಲಿ ಹೊಲಿದವನೂ ಒಲಿದವನೂ ಒಬ್ಬನೇ. ಆ ಊರು ಅವನಿಗೆ ಒಲಿದಿರಲಿಲ್ಲ ಅನ್ನುವುದು ಬೇರೆ ಮಾತು.

"ಅಂಗಿ ಆಕು, ಯಾರ್ ಬ್ಯಾಡ ಅಂದೋರು? ಈ ಅಂಗಿ ಬುಡು. ಇದ್ನ ಮುಟ್ಟಾಕಿಲ್ಲ, ಎಗ್ಲು ಕೊಡಾಕಿಲ್ಲ ಅಂತಾವೆ ನಮ್ ಐಕ್ಳು."

"ಅವ್ನು ಅವ್ನ್ ಎಸ್ರಲ್ಲೇ ಓಗ್ಬೇಕು. ಬಿಚ್ಚೋರು ಯಾರಾರಾ ಇದ್ರೆ ಮೊದ್ಲು ನನ್ನ ಮಣ್ಣು ಮಾಡಿ."

ಆಕೆ ಗಂಡನ ತಲೆಯ ಹತ್ತಿರ ಕಾಲು ಮಡಚಿ ಕೂತಳು. ಅಳುತ್ತಿರಲಿಲ್ಲ. ಅವಳ ಅಣ್ಣನ ಮಗ ಪುಟ್ಟಸ್ವಾಮಿ ಬಗ್ಗಿ, ಆ ತಣ್ಣಗಿನ ಕೈಯನ್ನು ಮೆಲ್ಲಗೆ ತೋಳಿನೊಳಗೆ ದಾಟಿಸಿದ. ಅವನನ್ನು ಬಿಟ್ಟರೆ ಆ ಅಂಗಿ ಮುಟ್ಟುವವರು ಇನ್ನೊಬ್ಬರಿರಲಿಲ್ಲ. ಚಟ್ಟಕ್ಕೆ ನಾಲ್ಕು ಹೆಗಲು ಬೇಕು.

*

ನಾಲೆಯ ನೀರು ಬಂದು, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಎದ್ದು, ಕಬ್ಬಿನವರ ಮೈಗೆ ಅಂಗಿಯ ಆಸೆ ಹತ್ತಿದ ಕಾಲದಲ್ಲಿ ಮರಿಸಿದ್ದಯ್ಯ ಮದ್ದೂರು ಪೇಟೆಯಲ್ಲಿ ಹೊಲಿಗೆ ಮಿಷನ್ನು ಹಾಕಿದ. ಅವನ ಅಂಗಿ ತೊಟ್ಟವನು ಸ್ವಲ್ಪ ಎತ್ತರವಾಗಿ ಕಾಣುತ್ತಿದ್ದ. ಅದು ಕಾಲರಿನ ಗುಟ್ಟು. ಕತ್ತು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಮೈಸೂರಿನ ದೊಡ್ಡ ಅಂಗಡಿಯವರು ಕೋಟಿನ ಕೊರಳಿಗೆ ತಮ್ಮ ಹೆಸರು ಹೊಲಿಯುವುದನ್ನು ಅವನು ನೋಡಿದ್ದ. ತನಗೂ ಒಂದಿರಲಿ ಎನಿಸಿ ಬೆಂಗಳೂರಿನಲ್ಲಿ ಲೇಬಲ್ಲು ನೇಯಿಸಿದ. ಯಲಿಯೂರು ಮರಿಸಿದ್ದಯ್ಯ. ಅಷ್ಟುದ್ದ ಆ ಪಟ್ಟಿಯಲ್ಲಿ ಹಿಡಿಯುವುದಿಲ್ಲ ಎಂದರು. ಯ. ಮ. ಎಂದು ಹಾಕಿಸಿದ, ನಡುವೆ ಒಂದು, ಕೊನೆಗೊಂದು ಚುಕ್ಕಿ ಇಟ್ಟು. ಇಂಗ್ಲಿಷಿನಲ್ಲಿ ಹಾಕಿಸಿದ್ದರೆ ವೈ. ಎಂ. ಆಗಿ ಬದುಕಿಕೊಳ್ಳುತ್ತಿದ್ದ. ಅವನಿಗೆ ಬರುತ್ತಿದ್ದದ್ದು ಕನ್ನಡ.

ಎರಡು ಒಗೆತಕ್ಕೆ ಚುಕ್ಕಿಗಳು ಹೋದವು. ಅಕ್ಷರ ಉಳಿದವು.

ಮೊದಲು ಓದಿದವನು ಅಂಕಯ್ಯ. ಒಂದೇ ಊರಿನವನು, ಒಂದೇ ಕೆರೆಯಲ್ಲಿ ಈಜು ಕಲಿತ ಗೆಳೆಯ. ಅಮಲ್ದಾರರು ಮೂಗಿನಲ್ಲಿ ಮಾತಾಡುವುದನ್ನೂ, ಎಮ್ಮೆ ಈಯುವುದನ್ನೂ ಒಂದೇ ಗಂಟಲಿನಲ್ಲಿ ಮಾಡಿ ತೋರಿಸಬಲ್ಲವನು. ಮದ್ದೂರಿನ ಕಾಫಿ ಹೋಟೆಲಿನಲ್ಲಿ ಕೂತಿದ್ದ ಒಬ್ಬನ ಕಾಲರನ್ನು ಹಿಂದಿನಿಂದ ಎತ್ತಿ, ಬಯಲಾಟದ ದನಿ ತೆಗೆದು ಅಬ್ಬರಿಸಿದ: "ಎಲವೋ ನರಮಾನವಾ! ನಿನ್ನ ಅಳತೆ ತೆಗೆದುಕೊಂಡಾಯಿತು!"

ಹೋಟೆಲಿಗೆ ಹೋಟೆಲೇ ನಕ್ಕಿತು. ಮರಿಸಿದ್ದಯ್ಯನೂ ನಕ್ಕ, ಬಾಯಲ್ಲಿದ್ದ ಗುಂಡುಸೂಜಿ ತೆಗೆದು.

ಆಮೇಲೆ ಕಿರುಗಾವಲಿನ ದೊಡ್ಡಸಿದ್ದಯ್ಯ ಮಗಳ ಮದುವೆಗೆ ಹೊಲಿಸಿದ ಅಂಗಿಯಲ್ಲೇ ಚಳಿಜ್ವರ ಬಂದು ಸತ್ತ. ನಾಲೆಯ ಕೆಳಗಿನ ಹಳ್ಳಿಗಳಲ್ಲಿ ಇನ್ನೂ ಕೆಲವರು ಸತ್ತರು. ಹೆಣ ತೊಳೆಯುವವರು ಕಾಲರು ತಿರುಗಿಸಿ ನೋಡಲಾರಂಭಿಸಿದರು. ನಗೆಯಾಗಿ ಹೊರಟದ್ದು ಊರಿಂದೂರಿಗೆ ಬಸ್ಸು ಬದಲಾಯಿಸುತ್ತ ಮಳವಳ್ಳಿ ಮುಟ್ಟುವ ಹೊತ್ತಿಗೆ ಯಾರ ಮುಖದಲ್ಲೂ ನಗೆ ಇರಲಿಲ್ಲ.

"ಆ ಲೇಬ್ಲು ಕಿತ್ ಬಿಸಾಕ್ಲಾ ಸಿದ್ದ," ಎಂದು ಕರಿಸಿದ್ದಯ್ಯ ಮದ್ದೂರಿಗೇ ಹೋಗಿ ಹೇಳಿದ್ದ.

"ನನ್ನೂರು, ನನ್ನೆಸ್ರು. ಯಾವುದ್ನ ಕೀಳ್ಲಣ್ಣ? ಊರ್ನಾ, ಎಸ್ರ್ನಾ?"

ಅವನು ಕೀಳಲಿಲ್ಲ. ಗಿರಾಕಿಗಳು ಕಿತ್ತರು. ಕೊನೆಗೊಂದು ದಿನ ಅಂಗಡಿಯ ಬಾಗಿಲಿಗೆ ಯಾರೋ ಬೂದಿ ಮೆತ್ತಿದ್ದರು. ಮರಿಸಿದ್ದಯ್ಯ ಮಿಷನ್ನು ಮಾರಿ, ಮಂಡ್ಯದ 'ಚಿರಂಜೀವಿ' ಎಂಬ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂಲಿಗೆ ಕೂತ. ಬೆನ್ನು ಒಬ್ಬ ಹೊಲಿದರೆ ತೋಳು ಇನ್ನೊಬ್ಬ. ಇವನಿಗೆ ಕಾಲರು. ಚಿರಂಜೀವಿಯ ಅಂಗಿ ತೊಡುವವರೆಲ್ಲರ ಕತ್ತು ಅಂದಿನಿಂದ ಅವನ ಕೈಗೆ ಬಂತು.

*

"ನಾನು ಎಲ್ಲ ಊರಿಗೂ ಹೋಗಿ ಕೇಳಿಕೊಂಡು ಬಂದಿದ್ದೇನೆ," ಎಂದ ಪುಟ್ಟಸ್ವಾಮಿ ಹುಣಸೆಮರದ ಕೆಳಗೆ ನಿಂತು.

ಅದು ಊರಿಗೆ ಗೊತ್ತಿದ್ದದ್ದೇ. ಮೈಸೂರಿನಲ್ಲಿ ಚರಿತ್ರೆ ಓದಿದ ಹುಡುಗ ಮಂಡ್ಯದ ಕಛೇರಿಗೆ ಸೇರಿ, ರಜದ ದಿನಗಳಲ್ಲೆಲ್ಲ ಮಾವ ಮರಿಸಿದ್ದಯ್ಯ ಹೊಲಿದ ಹಳೆಯ ಅಂಗಿಗಳನ್ನು ಹುಡುಕಿಕೊಂಡು ಅಲೆಯುತ್ತಿದ್ದ. ಯಾವ ಅಂಗಿ ಯಾರಿಗೆ ಹೊಲಿದದ್ದು, ಅವರು ಹೇಗೆ ಸತ್ತರು, ಇನ್ನೂ ಇದ್ದಾರೆಯೇ. "ಬಿ.ಎ. ಓದ್ಬುಟ್ಟು ಈಗ ಕಾಲರ್ ಓದ್ತಾವ್ನೆ" ಎಂದು ಜನ ನಗುತ್ತಿದ್ದರು.

"ನಾಲೆ ನೀರು ಹೋದ ಕಡೆ ಕಬ್ಬು ಬಂತು. ಕಬ್ಬು ಬಂದವರಿಗೆ ಅಂಗಿ ಬಂತು. ನೀರು ನಿಂತ ಕಡೆ ಸೊಳ್ಳೆ ಬಂತು. ಸತ್ತದ್ದು ಮಲೇರಿಯಾದಲ್ಲಿ. ಅಂಗಿಯೇ ಇಲ್ಲದವರೂ ಸತ್ತರು ಮಾವ. ಅವರ ಕತೆ ಯಾರೂ ಆಡಲಿಲ್ಲ, ಎತ್ತಿ ಓದೋಕೆ ಕಾಲರಿರಲಿಲ್ಲವಲ್ಲ."

ಕರಿಸಿದ್ದಯ್ಯ ತಲೆಯ ಮೇಲಿನ ವಸ್ತ್ರ ತೆಗೆದು ಕೊಡವಿದ. "ಓದೀದಿಯ, ಒಪ್ಕತೀನಿ. ಆದ್ರೆ ಅಪ್ಪಾ, ನಾಳೆ ನನ್ ಮಗನ್ಗೆ ಜ್ವರ ಬಂದ್ರೆ ಸೊಳ್ಳೆ ಕರ್ಕಬಂದು ಪಂಚಾಯ್ತಿ ಕೂರ್ಸಾನಾ?"

ಹೊರುವವರಲ್ಲಿ ಒಬ್ಬ ನಕ್ಕು, ಹೆಣದ ಕಡೆ ಕಣ್ಣು ಹೋಗಿ ಸುಮ್ಮನಾದ. ತಮಟೆಯವರು ತಮಟೆ ಕಾಸಲು ಹಾಕಿದ್ದ ಬೆಂಕಿ ಹಾಗೇ ಆರುತ್ತಿತ್ತು.

"ಅಂಕಣ್ಣ, ನೀವಾದರೂ ಹೇಳಿ. ಸುರು ಮಾಡಿದವರು ನೀವು."

ಬೇರೆ ದಿನವಾಗಿದ್ದರೆ ಅಂಕಯ್ಯ ಅಷ್ಟು ಹೊತ್ತಿಗೆ ಮೂರು ಜನರ ದನಿ ಮಾಡಿರುತ್ತಿದ್ದ.

"ನಗ್ಸಾಕೆ ಅಂತ ಏಳ್ದೆ ಕಣಪ್ಪ," ಎಂದ. "ಆಮ್ಯಾಕೆ ಸತ್ರಲ್ಲ. ದೊಡ್ಡಸಿದ್ದಯ್ಯನ್ ಕಾಲರ್ನೂ ನಾನೇ ಎತ್ತಿ ಓದಿದ್ದೆ, ಮದ್ವೆ ಚಪ್ರದಲ್ಲೇ. ಯಾವ ಬಾಯಲ್ಲಿ ಏನ್ ಬರ್ತದೋ ಯಾರಿಗ್ ಗೊತ್ತು? ಸಿದ್ದನ್ ಕಾಲ್ ಬೇಕಾರೆ ಇಡ್ಕತೀನಿ. ಆ ಅಂಗಿ ಮುಟ್ಟಾಕಿಲ್ಲ."

ಹೆದರಿಸಿದವನೇ ಹೆದರಿದ್ದ. ಪುಟ್ಟಸ್ವಾಮಿಯ ಹೊಟ್ಟೆಯಲ್ಲಿ ಇನ್ನೂ ಒಂದು ಮಾತಿತ್ತು. ಒಂದು ಅಂಗಿಗೇ ಇಷ್ಟು ಬೆದರಿದವರು ಅದನ್ನು ಕೇಳಿದರೆ ಹೆಣವನ್ನು ಏನು ಮಾಡುತ್ತಾರೋ ಎಂದು ಅದನ್ನು ನುಂಗಿಕೊಂಡ. ನೆರಳು ಹುಣಸೆಮರದ ಬುಡ ಬಿಟ್ಟು ಮನೆಯ ಕಡೆ ಹೊರಳುತ್ತಿತ್ತು.

*

ಆ ಮಾತು ಪುಟ್ಟಸ್ವಾಮಿಗೆ ಸಿಕ್ಕಿದ್ದು ಮಾವ ಇನ್ನೂ ಬದುಕಿದ್ದಾಗ, ಮಳವಳ್ಳಿಯಲ್ಲಿ, ಮಹದೇವಮ್ಮ ಎಂಬ ಗಯ್ಯಾಳಿಯ ಅಡಿಗೆಮನೆಯಲ್ಲಿ. ಯುದ್ಧದ ದೆಸೆಯಿಂದ ಬಟ್ಟೆಗೆ ರೇಷನ್ನು. ಕಾಲರು ಸವೆದರೆ ಬಿಚ್ಚಿ, ಮಗುಚಿ ಹೊಲಿದು ಮತ್ತೊಂದು ವರ್ಷ ತಳ್ಳುವುದು ಮನೆಮನೆಯ ಕೆಲಸವಾಗಿತ್ತು.

"ನಮ್ ಯಜಮಾನ್ರದು ಚಿರಂಜೀವಿ ಅಂಗಿ. ಕಾಲರ್ ಬಿಚ್ತೀನಿ, ಒಳೀಕೆ ಯಮ ಕುಂತವ್ನೆ! ಬಟ್ಟೆ ಎರಡು ಪದರದ ಮಧ್ಯ! ನನ್ ಎದೆ ಒಡ್ದೋಯ್ತು. ಈಚೀಕ್ ಓಡ್ ಬಂದ್ ನೋಡಿದ್ರೆ ಪುಣ್ಯಾತ್ಮ ಮುದ್ದೆ ಮುರೀತಾ ಕೂತವ್ರೆ. 'ಸಾರು ಬುಡು' ಅಂದ್ರು."

ಅವಳು ಕೊಟ್ಟ ಲೇಬಲ್ಲನ್ನು ಪುಟ್ಟಸ್ವಾಮಿ ಬೆಳಕಿಗೆ ಹಿಡಿದ. ಬಿಸಿಲು ಕಾಣದ ಕೆಂಪು, ಈಗ ತಾನೇ ಕೊಯ್ದ ಹಾಗೆ. ಎರಡು ಚುಕ್ಕಿಗಳೂ ಇದ್ದವು.

ಅವನು ಮಂಡ್ಯಕ್ಕೆ ಬಂದು ಮಾವನ ಮುಂದೆ ಅದನ್ನಿಟ್ಟ. ಮರಿಸಿದ್ದಯ್ಯ ಕಾಲು ನಿಲ್ಲಿಸಲಿಲ್ಲ, ಮಿಷನ್ನು ತಿರುಗುತ್ತಲೇ ಇತ್ತು.

"ನನ್ನೆಸ್ರಿಗೆ ಗಾಳಿ ಬಿಸ್ಲು ಆಗಾಕಿಲ್ಲ ಅಂದ್ರು. ಒಳಗ್ ಮಡಗ್ದೆ."

"ಎಷ್ಟು ಅಂಗಿಯಲ್ಲಿ ಮಾವ?"

"ನನ್ ಕೈ ದಾಟ್ದವು ಎಲ್ಲದ್ರಲ್ಲೂ."

"ತಿಳಿದರೆ ಸುಮ್ಮನೆ ಬಿಡ್ತಾರಾ?"

"ತಿಳೀದೇ ಇದ್ರೆ ನೂರ್ಕಾಲ ಬದ್ಕ್ತಾರೆ." ಮರಿಸಿದ್ದಯ್ಯ ದಾರ ಕಡಿದು, ಕಾಲರನ್ನು ಬೆರಳಿನಲ್ಲಿ ತೀಡಿ ನೆಟ್ಟಗೆ ಮಾಡಿದ. ಮುಖ ಎತ್ತಿದಾಗ ನಗುತ್ತಿದ್ದ; ಆ ನಗೆ ಕಂಡು ಹುಡುಗ ಒಂದು ಹೆಜ್ಜೆ ಹಿಂದೆ ಸರಿದ. "ರಾಮ್ನವ್ಮಿಗೆ, ಮದ್ವೆಗೆ, ತಿಥಿಗೆ, ಎಲ್ಲಾ ಕಡೀಕೂ ನನ್ನೇ ಕತ್ತಿಗ್ ಕಟ್ಕಂಡ್ ಓಯ್ತಾರೆ. ನಾನ್ ಇರೋಗಂಟ ಬಾಯ್ ಬುಡ್ಬ್ಯಾಡ ಕಣ್ಲಾ."

*

ಹೊತ್ತು ವಾಲಿತು. ಕರಿಸಿದ್ದಯ್ಯ ಜಗಲಿಯ ಹತ್ತಿರ ಬಂದು ಕೊನೆಯ ಮಾತು ಅನ್ನುವ ಹಾಗೆ ಕೇಳಿದ. "ಏನಮ್ಮ, ಬಿಚ್ತೀಯೋ ಇಲ್ವೋ? ಇಲ್ದಿದ್ರೆ ಗಾಡೀಲಿ ಏರ್ಕಂಡು ನೀನೂ ಆ ಉಡ್ಗನೂ ಓಗಿ."

ಗಾಡಿಯಲ್ಲಿ ಹೋಗುವುದು ಊರಿಲ್ಲದ ಹೆಣ. ಪುಟ್ಟಸ್ವಾಮಿ ಬಾಯಿ ತೆರೆದ. ಅಷ್ಟರಲ್ಲಿ ಚಿಕ್ಕಮಾದಮ್ಮ ಎದ್ದಳು.

"ಅಂಕಣ್ಣ, ಬಾ ಇಲ್ಲಿ."

ಅಂಕಯ್ಯ ಬಂದ.

"ನೀ ತೊಟ್ಟಿರೋ ಈ ಅಂಗಿ ಎಲ್ಲಿ ಒಲ್ಸಿದ್ದು?"

"ಇದ್ಯಾ? ಚಿರಂಜೀವೀಲಿ. ಯಾಕವ್ವಾ?"

"ಬಗ್ಗು."

ಏನೋ ಗುಟ್ಟು ಹೇಳುತ್ತಾಳೆಂದು ಅವನು ಬಗ್ಗಿದ. ಅವಳು ಎರಡು ಕೈಯಿಂದಲೂ ಅವನ ಕಾಲರು ಹಿಡಿದು, ಅಂಚಿನ ಹೊಲಿಗೆಗೆ ಹಲ್ಲು ಹಾಕಿದಳು. ವಿಧವೆಯ ಬಾಯಿ ಗಂಡಸಿನ ಕುತ್ತಿಗೆಯ ಮೇಲೆ. ದಾರ ಪಟ್ಟೆಂದು ಹರಿಯಿತು. ಬೆರಳು ತೂರಿಸಿ, ಪದರ ಸೀಳಿ, ಒಳಗಿನಿಂದ ಒಂದು ಬಿಳಿಯ ಪಟ್ಟಿ ಎಳೆದು ಅವನ ಅಂಗೈಯಲ್ಲಿಟ್ಟಳು.

"ಓದು," ಎಂದಳು. "ಎಲ್ರುದ್ನೂ ಓದ್ತಿದ್ಯಲ್ಲ. ನಿಂದು ಓದು."

ಅಂಕಯ್ಯ ಓದಿದ. ಕೆಂಪು ದಾರದ ಎರಡು ಅಕ್ಷರ, ಎರಡು ಚುಕ್ಕಿ.

"ಚಿರಂಜೀವೀದು ಎಲ್ಲಾ ಇಂಗೇಯ. ಬಾವ, ನಿಮ್ದೂವೆ. ನಿಮ್ ಮಕ್ಳದೂವೆ. ಇನ್ನೂ ಯಾರ್ಯಾರ್ದು ಬಿಚ್ಚಲಿ?"

ಅತ್ತೆಗೂ ಗೊತ್ತಿತ್ತು ಎಂಬುದು ಪುಟ್ಟಸ್ವಾಮಿಗೆ ಆಗಲೇ ತಿಳಿದದ್ದು. ಹುಣಸೆಮರದ ಕೆಳಗೆ ಒಬ್ಬನ ಕೈ ತನ್ನ ಕಾಲರಿಗೆ ಹೋಯಿತು. ಇನ್ನೊಬ್ಬನದೂ ಹೋಯಿತು. ಕರಿಸಿದ್ದಯ್ಯ ಕೊರಳ ಗುಂಡಿ ಬಿಚ್ಚಿ, ಒಳಗೇನೋ ಹರಿದಾಡಿದ ಹಾಗೆ ಬೆರಳಿನಿಂದ ತಡವಿದ. ಯಾರೂ ಅಂಗಿ ಕಳಚಲಿಲ್ಲ. ಕಳಚಿದರೆ ಇಷ್ಟು ದಿನ ತೊಟ್ಟದ್ದನ್ನು ಒಪ್ಪಿಕೊಂಡ ಹಾಗೆ.

ಮೊದಲು ನಕ್ಕವನು ಅಂಕಯ್ಯ. ಬಿಕ್ಕಳಿಕೆಯ ಹಾಗೆ ಒಂದು ಬಂತು, ಆಮೇಲೆ ತಡೆಯಲಾಗಲಿಲ್ಲ. "ಲೇ ಸಿದ್ದಾ! ನನ್ ಕತ್ನಾಗೇ ಕೂಡ್ಸಿದ್ಯಲ್ಲಲೇ! ಉಂಡ್ರೂ ಜತೆಗಿದ್ದೆ, ಮನೀಕಂಡ್ರೂ ಜತೆಗಿದ್ದೆ!" ಎಂದು ಹೆಣದ ಕಡೆ ಕೈ ಚಾಚಿ, ಮಂಡಿ ತಟ್ಟಿಕೊಂಡು ನಕ್ಕ. ಕರಿಸಿದ್ದಯ್ಯನ ಮಕ್ಕಳು ಮುಖಮುಖ ನೋಡಿಕೊಂಡು, ನಗದಿದ್ದರೆ ಇನ್ನೇನಾದರೂ ಆದೀತೆಂಬಂತೆ ತಾವೂ ನಕ್ಕರು. ತಮಟೆಯವರು ಒಂದೆರಡು ಪೆಟ್ಟು ಹಾಕಿದರು.

ಚಟ್ಟಕ್ಕೆ ಮೊದಲು ಹೆಗಲು ಕೊಟ್ಟವನೂ ಅಂಕಯ್ಯನೇ, ತಲೆಯ ಕಡೆ. ಉಳಿದ ಮೂವರು ಬಂದು ಸೇರಿದರು. ಒಬ್ಬೊಬ್ಬನ ಒಂದು ಕೈ ಬಿದಿರಿನ ಮೇಲೆ, ಇನ್ನೊಂದು ಕೈ ತನ್ನ ಕತ್ತಿನ ಮೇಲೆ. ನಾಲೆಯ ಏರಿ ದಾಟುವಾಗ ಗಾಳಿ ಎದ್ದು ಚಿಕ್ಕಮಾದಮ್ಮನ ಸೆರಗು ಹಾರಿತು. ಮುಂದೆ ಹೋಗುತ್ತಿದ್ದವರ ನಗೆ ಒಂದೊಂದಾಗಿ ನಿಂತಿತು. ಅಂಕಯ್ಯನದು ಮಾತ್ರ ತಮಟೆಯನ್ನೂ ಮೀರಿ ಏರುತ್ತಲೇ ಇತ್ತು. ಕಣ್ಣಿನಿಂದ ನೀರು ಸುರಿಯುತ್ತಿತ್ತು; ಸೀಳಿದ ಕಾಲರಿನ ಎರಡು ಪದರಗಳನ್ನು ಮುಷ್ಟಿಯಲ್ಲಿ ಒಟ್ಟುಗೂಡಿಸಿ ಗಂಟಲಿಗೆ ಒತ್ತಿ ಹಿಡಿದಿದ್ದ; ಒತ್ತಿದಷ್ಟೂ ಜೋರಾಗಿ ನಗುತ್ತಿದ್ದ.