ಮಸಿ ಇರಬೇಕು, ಗಸಿ ಇರಬಾರದು

ಡಿಸೆಂಬರ್ ಇಪ್ಪತ್ತೆಂಟು, ವರ್ಷದ ಕೊನೆಯ ಕೆಲಸದ ದಿನ. ಜಪಾನಿನ ಒಕಾಯಾ ಊರಿನ ಆ ಹನ್ನೊಂದು ಜನರ ಕಂಪನಿಯಲ್ಲಿ ಬೆಳಗಿನಿಂದ ಎಲ್ಲರ ತಲೆಗೂ ಬಿಳಿ ಬಟ್ಟೆ, ಎಲ್ಲರ ಕೈಯಲ್ಲೂ ಒದ್ದೆ ಅರಿವೆ. ಹೊಸ ವರ್ಷದ ದೇವರು ಕೊಳಕು ಕಂಡರೆ ಬಾಗಿಲಿಂದಲೇ ವಾಪಸು ಹೋಗುತ್ತಾನಲ್ಲ, ಅದಕ್ಕೆ ಯಜಮಾನ ಫುಜಿಮೊರಿ ಕೂಡ ಏಣಿ ಹತ್ತಿ ಟ್ಯೂಬ್‌ಲೈಟ್ ಒರೆಸುತ್ತಿದ್ದರು. ಮೊಮೊಸೆ ಚಿಜುರುವಿನ ಪಾಲಿಗೆ ಹಿತ್ತಲಲ್ಲಿ ಕಿಟಕಿಯ ಜಾಲರಿ ತೊಳೆಯುವ ಕೆಲಸ ಬಂದಿತ್ತು. ಕೈ ಜಾಲರಿ ಉಜ್ಜುತ್ತಿತ್ತು, ಮನಸ್ಸು ಮಾತ್ರ ಪ್ರಯೋಗಶಾಲೆಯ ಕಪಾಟಿನಲ್ಲಿತ್ತು.

ಆ ಕಪಾಟಿನಲ್ಲಿ ಒಂದು ಗಾಜಿನ ಸೀಸೆ ಅಲ್ಲಾಡದೆ ನಿಂತು ಎಂಬತ್ತೆಂಟು ದಿನವಾಗಿತ್ತು.

ಸೀಸೆಯಲ್ಲಿದ್ದದ್ದು ಕಪ್ಪು ನೀರು. ಆ ಕಪ್ಪೆಲ್ಲ ಇಂಗಾಲದ ನಳಿಗೆಗಳು, ಒಂದೊಂದೂ ತಲೆಗೂದಲಿಗಿಂತ ಸಾವಿರಾರು ಪಟ್ಟು ತೆಳು. ಬ್ಯಾಟರಿಗೆ ಇವು ಬೇಕೇ ಬೇಕು, ಆದರೆ ಇಂಥ ಹಠಮಾರಿ ವಸ್ತು ಇನ್ನೊಂದಿಲ್ಲ. ನೀರಿಗೆ ಬಿಟ್ಟರೆ ಸಾಕು, ಒಂದನ್ನೊಂದು ತಬ್ಬಿಕೊಂಡು ಗಂಟಾಗಿ ಮುಳುಗುತ್ತವೆ. ಎಷ್ಟೇ ಕಡೆದರೂ ಅಷ್ಟೇ, ಎರಡು ತಿಂಗಳಿಗೆ ಮೇಲೆ ತಿಳಿನೀರು, ಕೆಳಗೆ ಗಸಿ. ಚಿಜುರು ಸೋಪಿನಂಥ ಪದಾರ್ಥ ಹಾಕಿ ಎರಡು ಸಲ ಸೋತಿದ್ದಳು. ಮೂರನೇ ಸಲಕ್ಕೆ ತೊಗಲು ಬೇಯಿಸಿ ತೆಗೆದ ಅಂಟು, ಸರೇಸನ್ನು ತೆಳ್ಳಗೆ ಕರಗಿಸಿ ಬೆರೆಸಿದ್ದಳು. ಸರೇಸು ಒಂದೊಂದು ನಳಿಗೆಗೂ ಸುತ್ತಿಕೊಂಡು ಪಕ್ಕದ್ದನ್ನು ಹತ್ತಿರ ಬಿಡದೆ ದೂರ ಇಡಬೇಕು. ಇಡುತ್ತದೋ ಇಲ್ಲವೋ, ಅದೇ ಪ್ರಶ್ನೆ.

ಬ್ಯಾಟರಿ ಕಂಪನಿಯ ಇಂಜಿನಿಯರ್ ಉಶಿಯಾಮಾ ಕಡ್ಡಿ ಮುರಿದ ಹಾಗೆ ಹೇಳಿದ್ದ: "ನೂರು ದಿನ ಯಾರೂ ಮುಟ್ಟಕೂಡದು. ಆಮೇಲೆ ನಾನೇ ಬಂದು ಮೇಲಿಂದ ಒಂದು ಹನಿ, ತಳದಿಂದ ಒಂದು ಹನಿ ತೆಗೀತೀನಿ. ಎರಡೂ ಒಂದೇ ಕಪ್ಪಿದ್ರೆ ತಗೋತೀವಿ." ಫುಜಿಮೊರಿ ಅದಕ್ಕೆ ತಮ್ಮದೊಂದು ಸೇರಿಸಿದ್ದರು. ಇದೂ ಮುಳುಗಿದರೆ ಮಾರ್ಚ್ ಕೊನೆಗೆ ಈ ಕೆಲಸಕ್ಕೆ ಬೀಗ, ಚಿಜುರು ಮತ್ತೆ ಕೈಗಡಿಯಾರಕ್ಕೆ ಗ್ರೀಸ್ ಮಾಡುವ ವಿಭಾಗಕ್ಕೆ. ಎರಡು ವರ್ಷದ ಬೆವರು ಒಂದು ಸೀಸೆಯ ತಳದಲ್ಲಿ ನಿಂತಿತ್ತು. ನೂರನೇ ದಿನ ಜನವರಿ ಒಂಬತ್ತು.

"ಚಿಜುರು-ಚಾನ್, ಬಾ ಇಲ್ಲಿ," ಎಂದು ಒಳಗಿಂದ ಕೂಗಿದವರು ಮಿಯಾಸಾಕಾ. ಆಫೀಸು ನೋಡಿಕೊಳ್ಳುವ, ಸಂಜೆ ಕುಂಚದಕ್ಷರದ ಪಾಠ ಹೇಳುವ ಎಪ್ಪತ್ತರ ಹೆಂಗಸು. ಚಿಜುರುಗೆ ಮೂವತ್ತೆಂಟಾದರೂ ಅವರ ಬಾಯಲ್ಲಿ ಇನ್ನೂ ಪುಟ್ಟ ಹುಡುಗಿಯೇ.

ಚಿಜುರು ಒಳಗೆ ಬಂದಳು. ಕಪಾಟು ಲಕಲಕ ಹೊಳೆಯುತ್ತಿತ್ತು. ಸೀಸೆ ಕೂಡ ಹೊಳೆಯುತ್ತಿತ್ತು. ಅದರ ಮೇಲೆ ಹೊಚ್ಚ ಹೊಸ ಕಾಗದ, ಕಾಗದದ ಮೇಲೆ ಕುಂಚದಲ್ಲಿ ಬರೆದ, ಕಣ್ಣಿಗೊತ್ತಿಕೊಳ್ಳುವಂಥ ಅಕ್ಷರ.

"ನಿನ್ನ ಹಳೇ ಚೀಟಿ ನೋಡೋಕಾಗ್ತಿರಲಿಲ್ಲ ಕಣೇ. ಚಹಾ ಕಲೆ ಬೇರೆ. ಅದು ಅಕ್ಷರವೋ, ಕೋಳಿ ಕೆದರಿದ್ದೋ ಆ ದೇವರೇ ಬಲ್ಲ. ಹೊಸ ವರ್ಷಕ್ಕೆ ಅಂಥದ್ದು ಇಟ್ಕೊಂಡ್ರೆ ಕಂಪನಿ ಮಾನ ಏನಾಗ್ಬೇಕು? ಕಿತ್ತು, ಸೀಸೆ ಹೊರಗಿಂದ ತೊಳೆದು, ಹೊಸದು ಅಂಟಿಸಿದೀನಿ."

"ಮಿಯಾಸಾಕಾ-ಸಾನ್," ಚಿಜುರು ಚೀಟಿಯತ್ತ ಬೆರಳು ಮಾಡಿದಳು. "ಏನು ಬರೆದಿದೀರ, ಸ್ವಲ್ಪ ಓದಿ."

"ದಯವಿಟ್ಟು ಮುಟ್ಟಬೇಡಿ."

"ಹಳೇ ಚೀಟೀಲಿ ಏನಿತ್ತು?"

"ಅದೇ. ನೋಡ್ಕೊಂಡೇ ಬರೆದಿದ್ದು ನಾನು, ಒಂದಕ್ಷರ ತಪ್ಪಿಲ್ಲ…" ಎನ್ನುತ್ತಿದ್ದಂತೆ ಮಿಯಾಸಾಕಾರ ಬಾಯಿ ಹಾಗೇ ನಿಂತಿತು. ಕೈಯಲ್ಲಿದ್ದ ಅರಿವೆ ಜಾರಿ ನೆಲಕ್ಕೆ ಬಿತ್ತು.

ಅರವತ್ತು ವರ್ಷ ಅಕ್ಷರದ ಚೆಲುವನ್ನೇ ನೋಡಿಕೊಂಡು ಬಂದವರಿಗೆ ಅದರ ಅರ್ಥ ಕಾಣಿಸದೆ ಹೋದರೆ ಯಾರನ್ನು ಬೈಯೋಣ, ನೀವೇ ಹೇಳಿ. ಚಿಜುರು ಸ್ಟೂಲು ಎಳೆದು ಕೂತಳು. ಎಂಬತ್ತೆಂಟು ದಿನ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಒಂದು ಸಲ ಅಲ್ಲಾಡಿದ ಮೇಲೆ ಗಸಿ ಮತ್ತೆ ನೀರಿಗೆ ಬೆರೆಯುತ್ತದೆ, ಇನ್ನು ಯಾವ ಹನಿ ತೆಗೆದು ಏನು ಸುಖ? ಸಿಟ್ಟು, ಅಳು ಎರಡೂ ಒಟ್ಟಿಗೆ ನುಗ್ಗಿ ಬಂದವು. ಅಷ್ಟರಲ್ಲಿ ತಲೆಯಲ್ಲಿ ಏನೋ ಛಕ್ಕೆಂದಿತು.

"ಬುಡಾನೂ ತೊಳೆದ್ರಾ?"

"ತೊಳೆದೆ," ಮಿಯಾಸಾಕಾ ಪಿಸುಗುಟ್ಟಿದರು.

"ಹೇಗೆ?"

"ಮಗುಚಿ ಹಿಡ್ಕೊಂಡು. ಮಗುಚದೆ ಬುಡ ತೊಳೆಯೋಕಾಗುತ್ತಾ?"

"ಮಗುಚಿದಾಗ ಒಳಗೆ ತಳದಲ್ಲಿ ಏನು ಕಾಣಿಸ್ತು? ನಿಧಾನ, ಯೋಚನೆ ಮಾಡಿ ಹೇಳಿ."

ಮಿಯಾಸಾಕಾ ಕಣ್ಣು ಮುಚ್ಚಿದರು. "ಏನೂ ಇರಲಿಲ್ಲ. ನನಗೇ ವಿಚಿತ್ರ ಅನ್ನಿಸ್ತು. ಮಸಿ ಸೀಸೆ ಮೂರು ತಿಂಗಳು ನಿಂತ್ರೆ ಗಸಿ ಕೂತಿರುತ್ತೆ, ಮಗುಚಿದ್ರೂ ಗಾಜು ಬಿಡಲ್ಲ, ಗುಡ್ಡೆ ಕಟ್ಕೊಂಡಿರುತ್ತೆ. ಇದ್ರಲ್ಲಿ ಬರೀ ಗಾಜು. ಬುಡದಿಂದ ಕಿಟಕಿ ಬೆಳಕು ಕಾಣಿಸ್ತು."

"ನಿಜವಾಗ್ಲೂ?"

"ಅರವತ್ತು ವರ್ಷ ಮಸಿ ತೇದಿದೀನಿ ಕಣೇ. ಗಸಿ ಗೊತ್ತಾಗಲ್ವಾ ನಂಗೆ?"

ಚಿಜುರು ಧಡಕ್ಕನೆ ಎದ್ದಳು, ಸ್ಟೂಲು ಹಿಂದಕ್ಕೆ ಉರುಳಿತು. ಕಪ್ಪು ನೀರಲ್ಲೇ ನಿಂತಿದೆ. ಎಂಬತ್ತೆಂಟು ದಿನಕ್ಕೆ ಚಿಟಿಕೆಯಷ್ಟೂ ಮುಳುಗಿಲ್ಲ. ಮಿಯಾಸಾಕಾರ ಎರಡೂ ಕೈ ಹಿಡಿದು ಗಿರ್ರನೆ ಒಂದು ಸುತ್ತು ತಿರುಗಿಸಿಯೇ ಬಿಟ್ಟಳು. ಪಾಪ, ಆ ಮುದುಕಿಗೆ ಬೈಗುಳ ತಿನ್ನಬೇಕೋ ಕುಣಿಯಬೇಕೋ ತಿಳಿಯಲಿಲ್ಲ.

ಬಾಗಿಲಲ್ಲಿ ಫುಜಿಮೊರಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

"ನಾನು ಏಣಿ ಮೇಲಿದ್ದೆ," ಎಂದರು ಮೆಲ್ಲಗೆ. "ನಂಗೇನೂ ಕೇಳಿಸಿಲ್ಲ. ಗಸಿ ಇಲ್ಲ ಅಂತ ಗೊತ್ತಾಯ್ತಲ್ಲ, ಸುಳ್ಳೇನೂ ಹೇಳ್ತಿಲ್ವಲ್ಲ ನಾವು. ಹನ್ನೆರಡು ದಿನ ಮೂವರೂ ಬಾಯಿ ಮುಚ್ಕೊಂಡಿದ್ರೆ ಉಶಿಯಾಮಾ ಬಂದು ಹನಿ ತಗೊಂಡು ಹೋಗ್ತಾನೆ."

ಚಿಜುರುಗೆ ಆಸೆಯಾಗಲಿಲ್ಲ ಎಂದರೆ ಅದು ಸುಳ್ಳು. ಆಯಿತು, ಬೇಕಾದಷ್ಟು ಆಯಿತು. ಇನ್ನು ಹನ್ನೆರಡೇ ದಿನ.

"ಬೇಡ ಯಜಮಾನ್ರೇ," ಎಂದಳು ಕೊನೆಗೆ. "ಅವರು ಸೂಜಿ ಇಳಿಸಿ ಹನಿ ತೆಗೆಯೋವಾಗ ನಾನು ಅವರ ಮುಖ ನೋಡ್ಬೇಕು. ನೆಲ ನೋಡ್ಕೊಂಡು ನಿಲ್ಲೋಕೆ ಎರಡು ವರ್ಷ ಒದ್ದಾಡಿಲ್ಲ ನಾನು."

ತಾನೇ ಫೋನು ಹಚ್ಚಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಪಕ್ಕದಲ್ಲಿ ಮಿಯಾಸಾಕಾ ಆ ಫೋನಿಗೇ ಸೊಂಟ ಬಗ್ಗಿಸಿ ಬಗ್ಗಿಸಿ ನಮಸ್ಕಾರ ಮಾಡುತ್ತಿದ್ದರು.

"ತೊಳೆದು ಬಿಟ್ರಾ," ಎಂದ ಆ ಕಡೆಯಿಂದ ಉಶಿಯಾಮಾ.

"ಹೌದು."

"ಹಾಗಾದ್ರೆ ಇವತ್ತು ಒಂದನೇ ದಿನ." ಫೋನು ಇಟ್ಟುಬಿಟ್ಟ.

ಚಿಜುರು ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿದಳು. ಏಪ್ರಿಲ್ ಆರು. ಮಾರ್ಚ್ ಮುಗಿದ ಮೇಲೂ ಆರು ದಿನ. ತಿರುಗಿ ಯಜಮಾನರ ಮುಖ ನೋಡಿದಳು.

"ಏನು ಹಾಗೆ ನೋಡ್ತೀಯ?" ಫುಜಿಮೊರಿ ತಲೆಯ ಬಟ್ಟೆ ಬಿಚ್ಚಿ ಬೆವರು ಒರೆಸಿಕೊಂಡರು. "ಆರು ದಿನಕ್ಕೋಸ್ಕರ ಬೀಗ ಹಾಕೋಕೆ ನಂಗೇನು ತಲೆ ಕೆಟ್ಟಿದೆಯಾ? ಹೋಗು, ಜಾಲರಿ ಅರ್ಧ ತೊಳೆದು ಬಿಟ್ಟು ಬಂದಿದೀಯ."

ಆ ನೂರು ದಿನ ಚಿಜುರು ಹೇಗೆ ಕಳೆದಳೋ ಅವಳಿಗೇ ಗೊತ್ತು. ಮಿಯಾಸಾಕಾ ಪ್ರಯೋಗಶಾಲೆಯ ಹೊಸಿಲು ತುಳಿಯಲಿಲ್ಲ. ಬಾಗಿಲಾಚೆ ನಿಂತೇ "ಹೇಗಿದೆ ಅದು?" ಎಂದು ಹೆರಿಗೆಮನೆಯ ಮುಂದೆ ನಿಂತ ಅಜ್ಜಿಯ ಹಾಗೆ ಕೇಳಿ ಹೋಗುತ್ತಿದ್ದರು. ಅರವತ್ತನೇ ದಿನ ದಾಟಿತು, ಮೇಲೆ ತಿಳಿನೀರು ಬರಲಿಲ್ಲ. ತೊಂಬತ್ತು ದಾಟಿತು. ಆದರೆ ಕಪ್ಪು ಸೀಸೆಯ ತಳ ಹೊರಗಿನಿಂದ ಕಂಡೀತೆ? ಒಂದು ಸಲ ನೋಡಿದ್ದೇವಲ್ಲ ಎಂಬ ಧೈರ್ಯ ಹಗಲೆಲ್ಲ ಇರುತ್ತಿತ್ತು. ಬೆಳಗಿನ ಜಾವಕ್ಕೆ ಅದೂ ಕರಗುತ್ತಿತ್ತು.

ಏಪ್ರಿಲ್ ಆರರ ಬೆಳಗ್ಗೆ ಉಶಿಯಾಮಾ ಬಂದ. ನಗಲಿಲ್ಲ, ಚಹಾ ಮುಟ್ಟಲಿಲ್ಲ. ಉದ್ದನೆಯ ಸೂಜಿ ತೆಗೆದು ಮೇಲ್ಭಾಗದಿಂದ ಒಂದಿಷ್ಟು ಹೀರಿ ಪುಟ್ಟ ಗಾಜಿನ ನಳಿಕೆಗೆ ಬಿಟ್ಟು ನೀರು ಬೆರೆಸಿದ. ಇನ್ನೊಂದು ಸೂಜಿಯನ್ನು ತಳದ ತನಕ ಇಳಿಸಿದ. ಚಿಜುರು ಅವನ ಮುಖದಿಂದ ಕಣ್ಣು ಕದಲಿಸಲಿಲ್ಲ. ಸೂಜಿಯ ತುದಿ ಗಾಜಿಗೆ ಟಕ್ಕೆಂದು ತಾಗಿದಾಗ ಅವನ ಹುಬ್ಬು ಸ್ವಲ್ಪ ಮೇಲೆದ್ದಿತು. ಕೆಸರಿದ್ದರೆ ಆ ಸದ್ದು ಬರುತ್ತಿರಲಿಲ್ಲ.

ಅದನ್ನೂ ಇನ್ನೊಂದು ನಳಿಕೆಗೆ ಬಿಟ್ಟು, ಅಷ್ಟೇ ನೀರು ಬೆರೆಸಿ, ಉಶಿಯಾಮಾ ಎರಡೂ ನಳಿಕೆ ಹಿಡಿದು ಕಿಟಕಿಯ ಹತ್ತಿರ ಹೋದ. ಬಿಸಿಲಿಗೆ ಎತ್ತಿದ. ಎಡಗೈಯದನ್ನು ಬಲಗೈಗೆ, ಬಲಗೈಯದನ್ನು ಎಡಗೈಗೆ ಬದಲಾಯಿಸಿದ. ಮತ್ತೆ ಎತ್ತಿದ. ಮತ್ತೆ ಬದಲಾಯಿಸಿದ. ಆಮೇಲೆ ಗಕ್ಕನೆ ನಿಂತ. ಕಿವಿ ಕೆಂಪಾಯಿತು.

"ಮೊಮೊಸೆ-ಸಾನ್," ಎಂದ, ಗುರುತು ಹಾಕುವುದನ್ನು ಮರೆತ ಇಂಜಿನಿಯರನ ನಾಚಿಕೆಯಲ್ಲಿ. "ಇದ್ರಲ್ಲಿ ತಳದ್ದು ಯಾವುದು?"

ಚಿಜುರು ಹತ್ತಿರ ಹೋಗಿ ನೋಡಿದಳು. ಎಡದ್ದು ನೋಡಿದಳು, ಬಲದ್ದು ನೋಡಿದಳು. ಕಣ್ಣು ತುಂಬಿ ಬಂದು ಎರಡೂ ಮಸುಕಾದವು. ಒರೆಸಿಕೊಂಡು ಮತ್ತೆ ನೋಡಿದಳು.

"ನಂಗೂ ಗೊತ್ತಾಗ್ತಿಲ್ಲ," ಎಂದಳು.