ಹೆಸರು ಮಡಚಿ ಓದಿದ ಪತ್ರ

ದಾವಣಗೆರೆಯ ಮಂಡಿಪೇಟೆಯಲ್ಲಿ ಪರಮೇಶ್ವರಪ್ಪನವರ ಅಂಗಡಿಯ ಬಾಗಿಲು ತೆರೆಯುವುದು ಬೆಳಿಗ್ಗೆ ಒಂಬತ್ತಕ್ಕೆ. ಒಂಬತ್ತೂವರೆಗೆ ಒಂದು ತಟ್ಟೆ ಮಂಡಕ್ಕಿ, ಜೊತೆಗೆ ಎರಡು ಮಿರ್ಚಿ ಬಜ್ಜಿ. ಮಿರ್ಚಿ ಮುಗಿಯುವ ಹೊತ್ತಿಗೆ ಗುಮಾಸ್ತ ಬಕ್ಕೇಶ್ ಆ ದಿನ ಬಂದ ಇ-ಮೇಲುಗಳನ್ನೆಲ್ಲ ಪ್ರಿಂಟ್ ತೆಗೆದು ಮೇಜಿನ ಮೇಲೆ ತಂದಿಡಬೇಕು. ಪರದೆಯ ಮೇಲೆ ಓದಿದರೆ ಪತ್ರ ಓದಿದಂತಾಗುವುದಿಲ್ಲ ಎಂಬುದು ಯಜಮಾನರ ನಂಬಿಕೆ. ೧೯೯೯ರಲ್ಲಿ ಆ ಬೀದಿಯಲ್ಲಿ ಇ-ಮೇಲ್ ಇದ್ದ ಅಂಗಡಿಗಳೇ ನಾಲ್ಕೋ ಐದೋ. ಹಾಗಾಗಿ ಅವರ ನಂಬಿಕೆಯನ್ನು ನೋಡಿ ನಗುವವರೂ ಇರಲಿಲ್ಲ.

ಹರಿಹರದಲ್ಲಿ ಅವರದೊಂದು ಫೌಂಡ್ರಿ. ಪಂಪ್‌ಸೆಟ್ಟಿನ ಪೈಪಿಗೆ ಹತ್ತಿದ ನೀರು ಮತ್ತೆ ಬಾವಿಗೆ ಇಳಿಯದಂತೆ ತಡೆಯಲು ಪೈಪಿನ ಕೆಳತುದಿಗೆ ಕೂರಿಸುವ ಫುಟ್‌ವಾಲ್ವುಗಳು ಅಲ್ಲಿ ತಯಾರಾಗಿ ಪುಣೆ, ಕೊಯಮತ್ತೂರಿನವರೆಗೂ ಹೋಗುತ್ತಿದ್ದವು. ದಿನಕ್ಕೆ ಐವತ್ತು ಪತ್ರ. ಪರಮೇಶ್ವರಪ್ಪ ಒಂದೊಂದನ್ನೂ ಎತ್ತಿ ಮೊದಲು ಹೆಸರು ನೋಡುವರು. ಮನಸ್ಸಿಗೆ ಬಂದ ಹೆಸರಾದರೆ ಬಲಗಡೆ; ಅದಕ್ಕೆ ಅಂದೇ ಉತ್ತರ. ಇಲ್ಲದಿದ್ದರೆ ಗೋಡೆಯ ಮೊಳೆಗೆ ತೂಗುಹಾಕಿದ್ದ ಉದ್ದನೆಯ ತಂತಿಗೆ ಚುಚ್ಚಿಬಿಡುವರು. ಅವರ ತಂದೆ ಪೋಸ್ಟ್‌ಕಾರ್ಡುಗಳನ್ನು ಹೀಗೇ ಮಾಡುತ್ತಿದ್ದರು. ತಂತಿಗೆ ಬಿದ್ದ ಕಾಗದ ಮತ್ತೆ ಕೈಗೆ ಬಂದದ್ದನ್ನು ಆ ಅಂಗಡಿಯಲ್ಲಿ ಯಾರೂ ಕಂಡಿರಲಿಲ್ಲ.

ಈ ಕೆಲಸವನ್ನು ಹಗುರ ಮಾಡಲು ಬಂದವಳು ವಾಣಿ. ಇಪ್ಪತ್ತೈದರ ಹುಡುಗಿ, ಆನೆಕೊಂಡದಲ್ಲಿ ಮನೆ, ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದಳು. ಯಜಮಾನರಿಗೆ ಗುರುತಿದ್ದ ಅವಳ ಸೋದರಮಾವ ನಾಗಭೂಷಣ್ ಒಂದು ಮಾತು ಹೇಳಿದ್ದರಿಂದ ಪರಮೇಶ್ವರಪ್ಪ ಅವಳನ್ನು ಕರೆಸಿಕೊಂಡಿದ್ದರು. ಅವಳು ಬರೆಯುತ್ತಿದ್ದ ಪ್ರೋಗ್ರಾಮಿಗೆ ಕೃತಕ ಬುದ್ಧಿ ಎಂಬ ದೊಡ್ಡ ಹೆಸರು. ಬುದ್ಧಿಯೆಂದರೆ ಇಷ್ಟೇ: ಹಳೆಯ ಪತ್ರಗಳಲ್ಲಿ ಯಜಮಾನರು ಯಾವುದಕ್ಕೆ ಉತ್ತರ ಕೊಟ್ಟಿದ್ದಾರೆ, ಯಾವುದಕ್ಕೆ ಕೊಟ್ಟಿಲ್ಲ ಎಂದು ನೋಡಿ ನೋಡಿ ಕಲಿತು, ಹೊಸ ಪತ್ರಗಳಲ್ಲಿ ಮುಖ್ಯವಾದದ್ದನ್ನು ಮೇಲಕ್ಕೂ ಉಳಿದದ್ದನ್ನು ಕೆಳಕ್ಕೂ ಜೋಡಿಸುವುದು. ಶುಕ್ರವಾರ ಯಜಮಾನರ ಮುಂದೆ ಅದರ ಪರೀಕ್ಷೆ ನಡೆಯುವುದಿತ್ತು; ಅದರಲ್ಲಿ ಗೆದ್ದರೆ ಪೇಟೆಯ ಇತರ ವರ್ತಕರಿಗೂ ಹೇಳುತ್ತೇನೆಂದು ಪರಮೇಶ್ವರಪ್ಪ ಮಾತು ಕೊಟ್ಟಿದ್ದರು. ಹಾಗಾದರೆ ವಾಣಿ ಸ್ವಂತಕ್ಕೊಂದು ಕೋಣೆ ಹಿಡಿದು ತನ್ನದೇ ಬೋರ್ಡು ಹಾಕಬಹುದಿತ್ತು. ಬೋರ್ಡಿನ ಬಣ್ಣವನ್ನೂ ಅವಳು ಮನಸ್ಸಿನಲ್ಲೇ ಆರಿಸಿಟ್ಟಿದ್ದಳು.

ಗುರುವಾರ ಮಧ್ಯಾಹ್ನ, ಕೊನೆಯದಾಗಿ ಒಮ್ಮೆ ನೋಡೋಣವೆಂದು ಅವಳು ಅಂಗಡಿಯ ಕಂಪ್ಯೂಟರಿನಲ್ಲಿ, ಪ್ರೋಗ್ರಾಮು ಕೆಳಕ್ಕೆ ತಳ್ಳಿದ್ದ ಪತ್ರಗಳ ರಾಶಿಯನ್ನು ತೆರೆದಳು. ಮಾಯಕೊಂಡದಲ್ಲಿ ಪಂಪು ರಿಪೇರಿ ಮಾಡುವ ಜಾಫರ್ ಎಂಬಾತ ದಾವಣಗೆರೆಯ ಸೈಬರ್ ಸೆಂಟರಿಗೆ ಬಂದು ಕಳಿಸಿದ್ದ ಎರಡು ಪತ್ರಗಳು ಅಲ್ಲಿದ್ದವು. ಹೊಸ ಫುಟ್‌ವಾಲ್ವಿನ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ, ಪೈಪಿನ ನೀರು ಬಾವಿಗೇ ಇಳಿಯುತ್ತದೆ, ಮುಚ್ಚಳ ಕೂರುವ ಅಂಚನ್ನು ಒಂದಿಷ್ಟು ಉಜ್ಜಿದರೆ ಸರಿಹೋಗುತ್ತದೆ ಎಂದು ಬಿಡಿಸಿ ಬಿಡಿಸಿ ಬರೆದಿದ್ದ. ಇದೇ ದೂರು ಹೇಳಿ ಪುಣೆಯ ಡೀಲರುಗಳು ಮಾಲು ವಾಪಸು ಕಳಿಸುತ್ತಿದ್ದರು. ಎರಡು ತಿಂಗಳಿಂದ ಯಜಮಾನರು ಇದಕ್ಕಾಗಿಯೇ ತಲೆ ಕೆಡಿಸಿಕೊಂಡಿದ್ದರು.

ಇಂಥ ಪತ್ರ ಕೆಳಗೇಕೆ ಬಿತ್ತು? ವಾಣಿ ಪ್ರೋಗ್ರಾಮು ಕೊಟ್ಟ ಅಂಕಗಳನ್ನು ಒಂದೊಂದಾಗಿ ನೋಡಿದಳು. ಅದು ಪತ್ರದೊಳಗಿನ ಮಾತಿಗಿಂತ ಬರೆದವರ ಹೆಸರಿಗೇ ಹೆಚ್ಚು ಬೆಲೆ ಕೊಟ್ಟಿತ್ತು. ಮುಸಲ್ಮಾನರ ಹೆಸರು, ಹೆಂಗಸರ ಹೆಸರು, ಸಣ್ಣ ಊರಿನ ಹೆಸರು ಕಂಡರೆ ಕೆಳಕ್ಕೆ. ಹೀಗೆ ಮಾಡೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ವರ್ಷದ ಉತ್ತರಗಳನ್ನು ನೋಡಿ ತಾನೇ ಕಲಿತಿತ್ತು.

ಆ ಹೆಸರುಗಳ ಲೆಕ್ಕವನ್ನು ತೆಗೆದುಹಾಕಲು ಅವಳಿಗೆ ಹತ್ತು ನಿಮಿಷ ಸಾಕಿತ್ತು. ಹಾವೂ ಸಾಯುತ್ತಿತ್ತು, ಕೋಲೂ ಮುರಿಯುತ್ತಿರಲಿಲ್ಲ. ಆದರೆ ಪ್ರೋಗ್ರಾಮನ್ನು ತಿದ್ದಿದರೂ ತಂತಿ ಗೋಡೆಯ ಮೇಲೇ ಇರುತ್ತದಲ್ಲ? ನಾಳೆ ಇನ್ನೊಂದು ಅಂಗಡಿಗೆ ಹೋದರೆ ಅಲ್ಲಿಯೂ ಒಂದು ತಂತಿ. ಆರು ತಿಂಗಳ ದುಡಿಮೆ ಈಗ ಒಂದು ಮಾತಿನಿಂದ ಹಾಳಾಗಬಹುದೆಂದು ಅವಳಿಗೆ ಭಯವಾಯಿತು. ಭಯಪಟ್ಟುಕೊಂಡೇ ಜಾಫರನ ಮೊದಲ ಪತ್ರವನ್ನು ಪ್ರಿಂಟ್ ತೆಗೆದುಕೊಂಡು ಎದ್ದುಹೋಗಿ ಯಜಮಾನರ ಮುಂದೆ ನಿಂತಳು.

“ಸಾವ್ಕಾರ್ರೆ, ಪ್ರೋಗ್ರಾಮಿನಾಗೆ ಒಂದು ತಪ್ಪು ಐತ್ರಿ. ಹೆಸರು ನೋಡಿ ಪತ್ರ ಕೆಳಗೆ ಹಾಕ್ತೈತಿ.”

“ಹಂಗಾದ್ರೆ ರಿಪೇರಿ ಮಾಡವ್ವ. ನನ್ನ ಯಾಕ ಕೇಳ್ತಿ?”

“ಅದು ನಿಮ್ಮಿಂದ ಕಲಿತೈತ್ರಿ.”

ಪರಮೇಶ್ವರಪ್ಪ ಚಹಾದ ಲೋಟವನ್ನು ಕುಕ್ಕಿ ಇಟ್ಟರು. “ಕುಣಿಯಾಕೆ ಬಾರದೋಳು ನೆಲ ಡೊಂಕು ಅಂದ್ಲಂತೆ! ನಂಗೆ ಜಾತಿಗೀತಿ ಇಲ್ಲ, ತಿಳ್ಕ. ನಮ್ಮ ಫೌಂಡ್ರಿ ಮೇಸ್ತ್ರಿ ಯಾರು? ಕರೀಂ ಸಾಬ್. ಮೂವತ್ತು ವರ್ಷ ಆತು. ಅವನ ಮಗಳ ಮದುವಿ ನಾನೇ ಮುಂದೆ ನಿಂತು ಮಾಡಿಸೀನಿ. ದಿನಕ್ಕೆ ಐವತ್ತು ಕಾಗದ ಬರ್ತಾವ. ಗುರುತಿನೋರ್ನ ಮೊದ್ಲು ನೋಡ್ತೀನಿ, ಗುರುತಿಲ್ಲದೋರು ಹಿಂದೆ ಬೀಳ್ತಾರೆ. ಅದು ವ್ಯಾಪಾರ.”

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ವಾಣಿಯೂ ತಲೆಯಾಡಿಸಿದಳು. “ನಿಜ ರೀ. ಆದ್ರೆ ಗುರುತಿಲ್ಲದೋರಾದ್ರೂ ನಮ್ಮ ಮಂದಿ ಹೆಸರಿದ್ರೆ ಅವತ್ತೇ ಉತ್ತರ ಹೋಗೈತ್ರಿ. ನೀವು ಕರೀಂ ಸಾಬ್‌ರಿಗೆ ಏನು ಮಾಡೀರಿ ಅಂತ ಮಷೀನಿಗೆ ಗೊತ್ತಿಲ್ಲ. ಯಾರಿಗೆ ಬರೀಲಿಲ್ಲ ಅಂತ ಮಾತ್ರ ಗೊತ್ತೈತಿ.”

ಇಷ್ಟು ಹೇಳಿ, ಕೈಯಲ್ಲಿದ್ದ ಕಾಗದದ ಮೇಲಿನ ಅಂಚನ್ನು ಹೆಸರು ಕಾಣದಂತೆ ಹಿಂದಕ್ಕೆ ಮಡಚಿ ಮುಂದಿಟ್ಟಳು. “ಹೆಸರು ನೋಡಬ್ಯಾಡ್ರಿ. ಬರೇ ಓದ್ರಿ.”

ಪರಮೇಶ್ವರಪ್ಪ ಸಿಟ್ಟಿನಲ್ಲೇ ಓದತೊಡಗಿದರು. ಅರ್ಧಕ್ಕೆ ಬರುವಾಗ ಬೆನ್ನು ನೆಟ್ಟಗಾಯಿತು. ಮುಗಿಸಿ, ಮತ್ತೆ ಮೊದಲಿನಿಂದ ಓದಿದರು.

“ಭಾರಿ ತಿಳಿದೋನು ಇವನು! ಯಾರು, ಪುಣೆ ಇಂಜಿನಿಯರಾ?” ಎನ್ನುತ್ತ ತಾವೇ ಮಡಿಕೆ ಬಿಚ್ಚಿದರು. ಹೆಸರು ನೋಡಿದರು. ತಾರೀಕು ನೋಡಿದರು. ಬಕ್ಕೇಶನಿಗೆ ಕಾರು ತೆಗೆಯಲು ಹೇಳಿ, ವಾಣಿಗೂ ಬಾ ಎಂದು ಸನ್ನೆ ಮಾಡಿದರು.

ಹರಿಹರ ಮುಟ್ಟುವವರೆಗೂ ಕಾರಿನಲ್ಲಿ ಪರಮೇಶ್ವರಪ್ಪ ಆ ಪತ್ರವನ್ನೇ ಮತ್ತೆ ಮತ್ತೆ ಓದಿದರು. ಫೌಂಡ್ರಿಯಲ್ಲಿ ಕರೀಂ ಸಾಬ್ ಒಂದು ವಾಲ್ವನ್ನು ಹಿಡಿದು, ಪತ್ರದಲ್ಲಿದ್ದಂತೆ ಅಂಚನ್ನು ಅರದಿಂದ ಉಜ್ಜಿ, ಮುಚ್ಚಳ ಕೂರಿಸಿ, ಮೇಲಿನಿಂದ ನೀರು ಸುರಿದ. ಒಂದು ಹನಿ ಕೆಳಗಿಳಿಯಲಿಲ್ಲ.

“ಸರಿಯಾಗಿ ಹೇಳ್ಯಾನ್ರಿ ಯಜಮಾನ್ರೆ. ಯಾರಿವನು?”

“ಮಾಯಕೊಂಡದ ಜಾಫರ್ ಅಂತ.”

“ಯಾವಾಗ ಬರ್ದಿದ್ದ?”

“ಎರಡು ತಿಂಗಳಾತು,” ಎಂದರು ಪರಮೇಶ್ವರಪ್ಪ.

ಕರೀಂ ಸಾಬ್ ಇನ್ನೊಂದು ವಾಲ್ವನ್ನು ಕೈಗೆತ್ತಿಕೊಂಡ. ಮೂವತ್ತು ವರ್ಷದ ಸಲಿಗೆ ಇದ್ದವನು, ಏನಾದರೂ ಅಂದಿದ್ದರೆ ಪರಮೇಶ್ವರಪ್ಪನವರಿಗೆ ಸುಲಭವಾಗುತ್ತಿತ್ತು. ಅವನು ಅರ ಹಿಡಿದು ಅದರ ಅಂಚನ್ನು ಉಜ್ಜತೊಡಗಿದ. ಯಜಮಾನರಿಗೆ ನಿಜವಾಗಿ ನಾಚಿಕೆಯಾಯಿತು.

ಶುಕ್ರವಾರ ಪರೀಕ್ಷೆ ನಡೆಯಲಿಲ್ಲ. ಬೆಳಿಗ್ಗೆ ಜಾಫರನಿಗೆ ಉತ್ತರ ಹೋಯಿತು. ಹರಿಹರಕ್ಕೆ ಬಂದು ವಾಲ್ವು ಎರಕ ಹೊಯ್ಯುವ ಅಚ್ಚು ತಿದ್ದುವುದಕ್ಕೆ ನೆರವಾಗಬೇಕೆಂದು ಯಜಮಾನರೇ ಕೇಳಿಕೊಂಡಿದ್ದರು. ಆಮೇಲೆ ವಾಣಿಯನ್ನು ಕರೆದು, “ನಾನು ಓದಿ ಮುಗಿಸಾತನಕ ಹೆಸರು ಕಾಣಿಸಬಾರದು. ನಿನ್ನ ಮಷೀನು ಹಂಗೆ ಮಾಡ್ತೈತಾ?” ಎಂದರು.

“ಮಾಡ್ತೈತ್ರಿ. ಹೆಸರು ಹಿಡಿದು ಅಂಕ ಕೊಡೋದನ್ನೂ ಬಿಡಿಸ್ತೀನಿ.”

“ನಾಲ್ಕು ದಿನದಾಗೆ ಮುಗಿಸು. ಪೇಟ್ಯಾಗೆ ಹೇಳೋದು ನನ್ನ ಕೆಲಸ. ತಂತಿ ವಿಚಾರಾನೂ ನಾನೇ ಹೇಳ್ತೀನಿ.”

ಅವಳು ಹೊರಡುವಾಗ ಬಕ್ಕೇಶ್ ಸ್ಟೂಲು ಹತ್ತಿ ಮೊಳೆಯಿಂದ ತಂತಿ ಇಳಿಸುತ್ತಿದ್ದ. ಪರಮೇಶ್ವರಪ್ಪ ಕಾಗದಗಳನ್ನು ಒಂದೊಂದಾಗಿ ಕಳಚಿ, ಮೇಲಿನ ಅಂಚು ಮಡಚಿ, ಕನ್ನಡಕ ಏರಿಸಿಕೊಂಡು ಓದಲು ಕೂತಿದ್ದರು. ಎದುರಿಗಿದ್ದ ಮಂಡಕ್ಕಿ ಮೆತ್ತಗಾಗಿತ್ತು.

ಸೋಮವಾರ ಸಂಜೆ ಕ್ಲಾಸು ಮುಗಿಸಿ ವಾಣಿ ತನ್ನ ಇ-ಮೇಲ್ ತೆರೆದಳು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ಹೇಗೋ ಒತ್ತಿ ಬರೆದ ಒಂದು ಪತ್ರ ಬಂದಿತ್ತು. ಪರಮೇಶ್ವರಪ್ಪನವರೇ ಕೂತು ಕುಟ್ಟಿದ್ದೆಂದು ನೋಡಿದರೇ ತಿಳಿಯುತ್ತಿತ್ತು.

“ಕುಮಾರಿ ವಾಣಿ ಅವರಿಗೆ ನಮಸ್ಕಾರ. ಪತ್ರ ವಿಂಗಡಿಸುವ ಯಂತ್ರ ಮಾಡಿಕೊಡುವೆನೆಂದು ಹತ್ತು ತಿಂಗಳ ಹಿಂದೆ ತಾವು ಬರೆದ ಕಾಗದ ತಂತಿಯಲ್ಲಿ ಸಿಕ್ಕಿತು, ಇಂದು ಓದಿದೆ. ವಿಚಾರ ಬಹಳ ಚೆನ್ನಾಗಿದೆ ಎನಿಸಿತು. ಬರೆದವರು ಯಾರೆಂದು ಆಮೇಲೆ ನೋಡಿದೆ. ಉತ್ತರ ತಡವಾಯಿತು, ಮನ್ನಿಸಬೇಕು. ಒಮ್ಮೆ ಅಂಗಡಿಗೆ ಬನ್ನಿ. ಯಾರಿಂದಲೂ ಹೇಳಿಸುವ ಅಗತ್ಯವಿಲ್ಲ.”

ಮಾವನಿಂದ ಹೇಳಿಸುವ ಮೊದಲು ತಾನೇ ಬರೆದಿದ್ದ ಆ ಪತ್ರವನ್ನು ವಾಣಿ ಎಂದೋ ಮರೆತಿದ್ದಳು. ಓದುತ್ತ ನಗು ಬಂತು, ನಗುತ್ತಲೇ ಕಣ್ಣೂ ತುಂಬಿತು.

ಮರುದಿನ ಒಂಬತ್ತೂವರೆಗೆ ಅವಳು ಅಂಗಡಿಗೆ ಹೋದಳು. ಮೇಜಿನ ಮೇಲೆ ಎರಡು ತಟ್ಟೆ ಮಂಡಕ್ಕಿ ಇತ್ತು.